ಎಸ್ತರ್ ಬಬಿಯ ಇಬ್ಬರು ಅಮ್ಮಂದಿರು

ಪೆಟ್ಟು ಬಿದ್ದಾಗ ಮಗು ಯಾರನ್ನು ಕೂಗುತ್ತದೆ?

ಈ ಪ್ರಶ್ನೆ ಶ್ರೀಲತಾಳ ತಲೆಯೊಳಗೆ ಹೊಕ್ಕು ಕೂತ ಮೇಲೆ ಹೊರಗೆ ಹೋಗುವ ಮಾತೇ ಆಡಲಿಲ್ಲ. ಪಾತ್ರೆ ತೊಳೆಯುವಾಗ, ಆಫೀಸಿನ ಮೀಟಿಂಗಿನಲ್ಲಿ ಮ್ಯೂಟ್ ಮಾಡಿಕೊಂಡು ಕೂತಾಗ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅದು ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುತ್ತಿತ್ತು. ನಡೆದದ್ದು ಇಷ್ಟೇ: ಅಮೆರಿಕೆಯ ವುಡ್‌ರಿಡ್ಜಿನಲ್ಲಿ ಅವರ ಬಡಾವಣೆಯ ಪಾರ್ಕಿನಲ್ಲಿ ಐದು ವರ್ಷದ ಮಗಳು ಛಾಯಾ ಆಟದ ಏಣಿಯಿಂದ ಜಾರಿ ಬಿದ್ದು ಮೊಣಕಾಲು ತರಚಿಕೊಂಡಳು. ಶ್ರೀಲತಾ ಅಲ್ಲೇ, ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದಳು. ಮಗು ಅಮ್ಮಾ ಅನ್ನಲಿಲ್ಲ. ಕಣ್ಣು ಮುಚ್ಚಿ, ಬಾಯಿ ಅಗಲಿಸಿ, "ಬಬೀ!" ಎಂದು ಕಿರುಚಿತು.

ಬಬಿ ಎಂದರೆ ಪಕ್ಕದ ಮನೆಯ ಎಸ್ತರ್. ಎಂಬತ್ತಾರು ವರ್ಷದ ಯಹೂದಿ ಹೆಂಗಸು. ಅವರ ಮನೆಮಾತಾದ ಯಿದ್ದಿಷಿನಲ್ಲಿ ಅಜ್ಜಿಗೆ ಹಾಗೆ ಅನ್ನುತ್ತಾರಂತೆ.

"ರೀ, ಬಿದ್ದಾಗ ಅವಳು ನನ್ನ ಕರೀಲೇ ಇಲ್ಲ ಕಣ್ರೀ," ಎಂದು ಆ ಸಂಜೆ ಶ್ರೀಲತಾ ಗಂಡನ ಮುಂದೆ ಹೇಳಿಕೊಂಡಳು.

"ನೀ ಬಾಜೂಕ ನಿಂತಿದ್ದಿ. ಕರಿಯೂದ್ಯಾಕ? ದೂರ ಇದ್ದವ್ರನ್ನ ಕರೀತಾರ," ಅಂದ ಕಲ್ಮೇಶ. ಧಾರವಾಡದವನು. ಕಾರು ಕಂಪನಿಯೊಂದರ ಎಂಜಿನಿಯರು. ವಾರದಲ್ಲಿ ಅರ್ಧ ಡೆಟ್ರಾಯಿಟ್ ಕಡೆ, ಅರ್ಧ ಮನೆಯಲ್ಲಿ.

"ನಿಮಗೆಲ್ಲಾ ತಮಾಷೆ."

"ತಮಾಷಿ ಅಲ್ಲ, ಲಾಜಿಕ್."

ಶ್ರೀಲತಾಳಿಗೆ ಲಾಜಿಕ್ ಬೇಕಿರಲಿಲ್ಲ. ಮೈಸೂರಿನಲ್ಲಿ ಓದಿ, ರ‍್ಯಾಂಕು ತೆಗೆದು, ಮಗು ಹುಟ್ಟುವ ಮೊದಲೇ ಮಕ್ಕಳನ್ನು ಬೆಳೆಸುವ ಬಗ್ಗೆ ರಾಶಿ ಪುಸ್ತಕ ಓದಿದವಳು ಅವಳು. ಜ್ವರ ನೂರು ಡಿಗ್ರಿ ದಾಟಿದರೆ ಏನು ಮಾಡಬೇಕು, ದ್ರಾಕ್ಷಿಯನ್ನು ಹೇಗೆ ಸೀಳಿ ಕೊಡಬೇಕು ಎಲ್ಲವೂ ಗೊತ್ತು. ಮಗಳು ಇನ್ನೊಬ್ಬಳ ಮಡಿಲಿಗೆ ತಾನಾಗಿ ಜಾರಿಹೋದರೆ ಏನು ಮಾಡಬೇಕೆಂದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಶುರುವಾದದ್ದು ಹಿಂದಿನ ಚಳಿಗಾಲದಲ್ಲಿ. ಹಿಮ ಜೋರಾಗಿ ಸುರಿಯಿತೆಂದು ಶಾಲೆ ಬೇಗ ಬಿಟ್ಟಿತು. ಶ್ರೀಲತಾ ಡೌನರ್ಸ್ ಗ್ರೋವಿನ ಆಫೀಸಿನಿಂದ ಹೊರಟು, ಅಡ್ಡ ಬಿದ್ದ ಟ್ರಕ್ಕೊಂದರ ಹಿಂದೆ ಹೈವೇಯಲ್ಲಿ ಸಿಕ್ಕಿಹಾಕಿಕೊಂಡಳು. ಬಸ್ಸು ಇಳಿದ ಮಗು ಬೀಗ ಹಾಕಿದ ಬಾಗಿಲ ಮುಂದೆ ಹಿಮದಲ್ಲಿ ನಿಂತಿರುತ್ತದೆ ಎಂಬುದೊಂದೇ ಯೋಚನೆ. ಮನೆ ಮುಟ್ಟಿದಾಗ ಪಕ್ಕದ ಮನೆಯ ಕಿಟಕಿಯಲ್ಲಿ ಛಾಯಾ ಕಾಣಿಸಿದಳು: ದೊಡ್ಡವರ ಸ್ವೆಟರ್ ಒಳಗೆ ಮುಳುಗಿ, ಚಮಚದಲ್ಲಿ ಸೂಪು ಕುಡಿಯುತ್ತ, ನಗುತ್ತ. ಆ ಹೊತ್ತು ಶ್ರೀಲತಾ ಎಸ್ತರ್ ಅವರ ಕೈ ಹಿಡಿದು ಅತ್ತೇಬಿಟ್ಟಳು. ಅಲ್ಲಿಂದ ಮುಂದೆ ಶಾಲೆಯ ಬಸ್ಸು ಇಳಿದ ಛಾಯಾ ಸೀದಾ ಆ ಮನೆಗೆ ಹೋಗುವುದು, ಸಂಜೆ ಶ್ರೀಲತಾ ಬಂದು ಕರೆದುಕೊಳ್ಳುವುದು ರೂಢಿಯಾಯಿತು.

ಉಪಕಾರದ ಸಿಹಿ ಬೇಸಿಗೆಯವರೆಗೂ ಬಾಳಲಿಲ್ಲ.

ಮೊದಲು ಚುಚ್ಚಿದ್ದು ಇಸ್ತ್ರಿ. ಬೆಳಿಗ್ಗೆ ಮುದುಡಿದ ಫ್ರಾಕಿನಲ್ಲಿ ಹೋದ ಮಗು ಸಂಜೆ ಗರಿಗರಿಯಾದ ಫ್ರಾಕಿನಲ್ಲಿ ಬರುತ್ತಿತ್ತು. ಎಸ್ತರ್ ಕೈ ಒರೆಸುವ ಬಟ್ಟೆಗೂ ಇಸ್ತ್ರಿ ಹಾಕುವ ಜೀವ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ ಮಾಡಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರೂ ಮಂಚದ ಎರಡೂ ದಿಂಬಿಗೆ ಇಸ್ತ್ರಿ ಹಾಕಿದ ಕವರು. "ಕೈ ಸುಮ್ಮನಿರಲ್ಲ, ಅಷ್ಟೇ," ಅನ್ನುತ್ತಿದ್ದರು. ಅವರ ಮಾತೆಲ್ಲ ಇಂಗ್ಲಿಷೇ. ಆದರೆ ಶ್ರೀಲತಾಳ ಮನಸ್ಸಿನಲ್ಲಿ ಅದು ಯಾಕೋ ಕನ್ನಡವಾಗಿಯೇ ಕೇಳುತ್ತಿತ್ತು. ಹೆಸರು ಹಿಡಿದು ಕರೆ ಎಂದು ಅವರು ಎಷ್ಟು ಹೇಳಿದರೂ ನಾಲಿಗೆ ಹೊರಳದೆ, ಆಂಟಿ ಎಂದೇ ಕರೆಯುತ್ತಿದ್ದಳು.

ಎರಡನೆಯದು ಊಟ. ಮನೆಯಲ್ಲಿ ಮೊಸರನ್ನದ ಬಟ್ಟಲು ಹಿಡಿದು ಸೋಫಾದ ಸುತ್ತ ಓಡಬೇಕು. ಒಂದು ತುತ್ತಿಗೆ ಒಂದು ಕತೆ. ಪಕ್ಕದ ಮನೆಯಲ್ಲಿ ಅದೇ ಮಗು ಕುರ್ಚಿಯಲ್ಲಿ ನೆಟ್ಟಗೆ ಕೂತು, ಬಟ್ಟಲು ಖಾಲಿ ಮಾಡಿ, ಥ್ಯಾಂಕ್ಯೂ ಹೇಳುತ್ತದೆ.

"ಅಮ್ಮಾ, ಐ ಕ್ಯಾನ್ ಡು ಇಟ್. ಬಬಿ ಲೆಟ್ಸ್ ಮಿ," ಎಂದು ಒಂದು ದಿನ ಛಾಯಾ ಅವಳ ಕೈಯನ್ನು ಬಾಯಿಂದ ಆಚೆ ದೂಡಿದಳು. ತುತ್ತು ಕಾರ್ಪೆಟ್ಟಿಗೆ ಬಿತ್ತು. ಶ್ರೀಲತಾ ಬಗ್ಗಿ ಅದನ್ನು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

ಆ ಸೂಪಿನಲ್ಲಿ ಏನಾದರೂ ಹಾಕುತ್ತಿರಬಹುದು ಎಂದು ಅನುಮಾನ ಬಂತು. ಕೋಳಿ! ಲಿಂಗಾಯತರ ಮನೆಯ ಕೂಸಿಗೆ ಕೋಳಿಯ ರಸ! ಅನುಮಾನ ಬಂದದ್ದೇ ಶ್ರೀಲತಾಳಿಗೆ ಒಂಥರಾ ಹುರುಪಾಯಿತು. ಮಾರನೆಯ ದಿನ ಆಫೀಸಿನಿಂದ ಬೇಗ ಹೊರಟು, ನೆಪ ಮಾಡಿಕೊಂಡು ಎಸ್ತರ್ ಅವರ ಅಡುಗೆಮನೆಗೇ ಹೋದಳು.

"ಬಾ ಶ್ರೀ. ಇದು ಛಾಯಾಳ ಪಾತ್ರೆ," ಎಂದು ಎಸ್ತರ್ ತಾವಾಗಿಯೇ ನೀಲಿ ಪಾತ್ರೆಯೊಂದನ್ನು ತೋರಿಸಿದರು. "ಕ್ಯಾರೆಟ್ಟು, ಶಾವಿಗೆ, ಸಬ್ಬಸಿಗೆ ಸೊಪ್ಪು. ಮಾಂಸದ ಪಾತ್ರೆ ಆ ಕಪಾಟಿನಲ್ಲಿ, ಅದಕ್ಕೂ ಇದಕ್ಕೂ ಮುಟ್ಟಿಸಲ್ಲ. ನಮ್ಮಲ್ಲಿ ಹಾಲಿಗೂ ಮಾಂಸಕ್ಕೂ ಬೇರೆ ಬೇರೆ ಪಾತ್ರೆ ಇಡುತ್ತೇವಲ್ಲ, ನನಗೇನು ಹೊಸದಲ್ಲ."

ತಪ್ಪು ಹಿಡಿಯಲು ಹೋದವಳು ಥ್ಯಾಂಕ್ಸ್ ಹೇಳಿ ಬರಬೇಕಾಯಿತು. ಆ ಸಂಜೆ ಶ್ರೀಲತಾಳಿಗೆ ಎಸ್ತರ್ ಮೇಲೆ ಬಂದಷ್ಟು ಸಿಟ್ಟು, ಅವರು ನಿಜವಾಗಿಯೂ ಕೋಳಿ ಹಾಕಿದ್ದರೂ ಬರುತ್ತಿರಲಿಲ್ಲ.

ಪಾರ್ಕಿನಲ್ಲಿ ಮಗು "ಬಬೀ" ಎಂದು ಕೂಗಿದ್ದು ಇದೆಲ್ಲದರ ಮೇಲೆ. ಶನಿವಾರ ಅತ್ತೆ ಗುರುದೇವಿ ಧಾರವಾಡದಿಂದ ವಿಡಿಯೊ ಕಾಲ್ ಮಾಡಿದಾಗ ಶ್ರೀಲತಾ ತಡೆಯಲಾರದೆ ಎಲ್ಲವನ್ನೂ ಹೇಳಿದಳು. ಮಗು ಮನೆಯಲ್ಲಿ ಉಣ್ಣುತ್ತಿಲ್ಲ, ಮಾತು ಕೇಳುತ್ತಿಲ್ಲ, ಆ ಮನೆ ಅಂದರೆ ಸಾಕು ಓಡುತ್ತದೆ.

ಫೋನಿನ ತುಂಬ ಹಣೆಯೇ ಕಾಣುವಂತೆ ಹಿಡಿದಿದ್ದ ಗುರುದೇವಿ, "ಯವ್ವಾ, ಇದರಾಗ ತಿಳಿಯೂದೇನೈತಿ? ಕೂಸಿಗೆ ಕಣ್ಣ ಆಗ್ಯಾವ," ಅಂದರು. "ಮನ್ಯಾಗ ಒಬ್ಬಾಕಿನ ಇರೂ ಮುದುಕಿ, ಮೊಮ್ಮಕ್ಕಳು ಹತ್ರ ಇಲ್ಲ. ಆಸಿ ಇರೂದ. ಆಕೀ ತಪ್ಪಲ್ಲ, ಕಣ್ಣಿಂದು ತಪ್ಪ. ಉಪ್ಪು ಮೆಣಸಿನಕಾಯಿ ನೀವಳಿಸಿ ಒಲಿಗೆ ಹಾಕು. ಕಣ್ಣ ಇತ್ತಂದ್ರ ಘಾಟು ಬರೂದಿಲ್ಲ, ನೋಡ್ಬೇಕಾರ."

ಪುಸ್ತಕ ಓದಿದ ಶ್ರೀಲತಾ ಬೇರೆ ದಿನವಾಗಿದ್ದರೆ ನಕ್ಕು ಬಿಡುತ್ತಿದ್ದಳು. ಅಂದು ಫೋನಿಟ್ಟವಳೇ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ತೆಗೆದಳು. ಛಾಯಾಳನ್ನು ಅಡುಗೆಮನೆಯ ನಡುವೆ ನಿಲ್ಲಿಸಿ, ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಮೆಣಸಿನಕಾಯಿ ಹಿಡಿದು ತಲೆಯಿಂದ ಕಾಲಿನವರೆಗೆ ನಿವಾಳಿಸಿದಳು.

"ಅಮ್ಮಾ, ವಾಟ್ ಆರ್ ಯು ಡೂಯಿಂಗ್?"

"ಬಬಿ ಕಣ್ಣು ಬಿದ್ದಿದೆಯಂತೆ ಪುಟ್ಟಾ, ತೆಗೀತಿದೀನಿ. ಸುಮ್ನೆ ನಿಂತ್ಕೋ."

ಕಾದ ಬಾಣಲೆಗೆ ಮುಷ್ಟಿ ಬಿಚ್ಚಿದಳು. ಬಗ್ಗಿ ಮೂಸಿದಳು. ಘಾಟು ಬಾರದಿರಲಿ ಎಂದು ಅವಳ ಹೊಟ್ಟೆಯೊಳಗೆ ಯಾರೋ ಪ್ರಾರ್ಥಿಸುತ್ತಿದ್ದರು. ಘಾಟು ಬಾರದಿದ್ದರೆ ಎಲ್ಲಕ್ಕೂ ಒಂದು ಕಾರಣ ಸಿಕ್ಕಂತೆ. ಮಗಳ ಮನಸ್ಸು ತಿರುಗಿದ್ದು ತನ್ನ ಕೊರತೆಯಿಂದಲ್ಲ, ಪರರ ಕಣ್ಣಿನಿಂದ.

ಘಾಟು ಬಂತು. ಮೂಗು ಕಿತ್ತು ಬರುವಂಥ ಘಾಟು. ಅದರ ಹಿಂದೆಯೇ ಅಡುಗೆಮನೆಯ ಸ್ಮೋಕ್ ಅಲಾರಂ, ಅದಕ್ಕೆ ದನಿಗೂಡಿಸಿ ಮೇಲಿನ ಮಹಡಿಯದು, ನೆಲಮಾಳಿಗೆಯದು, ಎಲ್ಲವೂ ಒಟ್ಟಿಗೆ ಅರಚಿಕೊಂಡವು. ಕಲ್ಮೇಶ ದಿಂಬು ಹಿಡಿದು ಅಲಾರಮಿನ ಕೆಳಗೆ ಬೀಸತೊಡಗಿದ. "ಘಾಟು ಬಂತಲ್ಲೇ ಮಾರಾಯ್ತಿ! ಮುದುಕಿ ಪಾಸ್ ಆದ್ಲು!" ಎಂದು ಕೆಮ್ಮಿನ ನಡುವೆಯೇ ಕೂಗಿದ.

ಎರಡು ಮನೆಗೂ ಒಂದೇ ಗೋಡೆ. ಬಾಗಿಲು ತೆಗೆದರೆ ಎಸ್ತರ್ ಮೆಟ್ಟಿಲ ಮೇಲೆ ನಿಂತಿದ್ದರು. ಮನೆಯ ಚಪ್ಪಲಿ, ಮೇಲೊಂದು ಕೋಟು, ಕೈಯಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರು. ಅದನ್ನು ಎತ್ತುವ ಶಕ್ತಿ ಅವರಿಗೆ ಎಲ್ಲಿಂದ ಬಂತೋ.

"ಮಗು ಎಲ್ಲಿ?" ಎಂಬುದೇ ಅವರ ಮೊದಲ ಮಾತು.

ಮಗು ಅಮ್ಮನ ತೋಳಿನ ಕೆಳಗಿಂದ ನುಸುಳಿ ಓಡಿ, ಅವರ ಸೊಂಟ ತಬ್ಬಿಕೊಂಡಿತು. "ಬಬಿ! ಅಮ್ಮ ಈಸ್ ಬರ್ನಿಂಗ್ ಯುವರ್ ಐಝ್!"

ಶ್ರೀಲತಾಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕಲ್ಮೇಶ ಒಮ್ಮೆ ಹೆಂಡತಿಯ ಮುಖ, ಒಮ್ಮೆ ಎಸ್ತರ್ ಮುಖ ನೋಡಿ, "ನಡಿ ಕೂಸ, ಪಾರ್ಕಿಗೆ ಹೋಗೂಣು," ಎಂದು ಮಗಳನ್ನು ಎತ್ತಿಕೊಂಡು ಜಾರಿದ.

ಹೊಗೆ ಹೋಗಲೆಂದು ಎಲ್ಲ ಕಿಟಕಿ ಬಾಗಿಲು ತೆರೆದು, ಹೆಂಗಸರಿಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತರು. ಅಕ್ಟೋಬರಿನ ಬಿಸಿಲು. ಶ್ರೀಲತಾ ತಡವರಿಸುತ್ತ, ಇದು ನಮ್ಮಲ್ಲಿ ಒಂದು ಪದ್ಧತಿ ಆಂಟಿ, ಯಾರ ಮೇಲೂ ಅಂತಲ್ಲ, ಎಂದು ಏನೇನೋ ಹೇಳಿದಳು.

ಎಸ್ತರ್ ನಕ್ಕರು. "ನನ್ನಮ್ಮ ಮೂರು ಸಲ ಉಗಿಯುತ್ತಿದ್ದಳು. ಥೂ, ಥೂ, ಥೂ. ಕೆಟ್ಟ ಕಣ್ಣಿಗೆ. ಡೆಟ್ರಾಯಿಟಿನ ನಮ್ಮ ಮನೆಯಲ್ಲಿ ರೇಡಿಯೋದಲ್ಲಿ ಫ್ರೆಂಚ್ ಹಾಡು ಬಂದರೆ ಸಾಕು, ಉಗಿಯುವಳು. ನಿನಗಿಂತ ವಾಸಿ, ಅಲಾರಂ ಹೊಡೆಯುತ್ತಿರಲಿಲ್ಲ."

"ಫ್ರೆಂಚ್ ಹಾಡಿಗೆ ಯಾಕೆ?"

"ಅದು ಒಬ್ಬ ಹೆಂಗಸಿನ ಭಾಷೆಯಾಗಿತ್ತು. ನನ್ನನ್ನು ಬದುಕಿಸಿದವಳ ಭಾಷೆ."

ಆಮೇಲೆ ಅವರು ತಮ್ಮ ಕತೆ ಹೇಳತೊಡಗಿದರು.

ಎಸ್ತರ್ ಹುಟ್ಟಿದ್ದು ಬೆಲ್ಜಿಯಮಿನ ಆಂಟ್‌ವರ್ಪಿನಲ್ಲಿ. ಅಪ್ಪ ಚೀಲ ಹೊಲಿಯುವವನು, ಅಮ್ಮ ಫೇಗಾ. ನಾಜಿಗಳು ಬಂದರು. ಮೊದಲು ಅಪ್ಪನನ್ನು ಕೂಲಿಗೆಂದು ಎಳೆದೊಯ್ದರು. ಅವನು ಮತ್ತೆ ಬರಲಿಲ್ಲ. ಆ ಬೇಸಿಗೆಯಲ್ಲಿ ಬೀದಿ ಬೀದಿಗೆ ಲಾರಿ ಬಂದು ಯಹೂದಿಗಳನ್ನು ಮನೆಮನೆಯಿಂದ ತುಂಬಿಕೊಂಡು ಹೋಗತೊಡಗಿದಾಗ, ಫೇಗಾ ನಾಲ್ಕು ವರ್ಷದ ಮಗಳಿಗೆ ಕೆಂಪು ಬೂಟು ತೊಡಿಸಿ, ರೈಲು ನಿಲ್ದಾಣದಲ್ಲಿ ಪರಿಚಯವಿಲ್ಲದ ಯುವತಿಯೊಬ್ಬಳ ಕೈಗೆ ಕೊಟ್ಟಳು. ಗುಟ್ಟಾಗಿ ಮಕ್ಕಳನ್ನು ಸಾಗಿಸುವವಳು ಅವಳು. "ಇನ್ನು ಮೇಲೆ ನಿನ್ನ ಹೆಸರು ಮೋನಿಕ್," ಎಂದು ರೈಲಿನಲ್ಲಿ ಹೇಳಿಕೊಟ್ಟಳು. "ಎಸ್ತರ್ ಅನ್ನುವ ಹುಡುಗಿ ನಿನಗೆ ಗೊತ್ತೇ ಇಲ್ಲ."

ಮೋನಿಕ್ ತಲುಪಿದ್ದು ನಮೂರ್ ಪಟ್ಟಣದಾಚೆಯ ಒಂದು ಹಳ್ಳಿಗೆ, ಲಿಯೋನಿ ಎಂಬ ಅಗಸಗಿತ್ತಿಯ ಮನೆಗೆ. ಗಂಡನಿಲ್ಲ, ಮಕ್ಕಳಿಲ್ಲ, ಬಾಯಿ ಬಲು ಜೋರು. ಊರವರ ಬಟ್ಟೆ ಒಗೆಯುತ್ತಿದ್ದವಳಿಗೆ ಜರ್ಮನ್ ಸೈನಿಕರ ಅಂಗಿಗಳೂ ಬರತೊಡಗಿದವು. ಬೇಡ ಅಂದರೆ ಅನುಮಾನ. ಹಾಗಾಗಿ ಯಾರಿಂದ ಮಗುವನ್ನು ಬಚ್ಚಿಡಬೇಕೋ ಅವರೇ ವಾರಕ್ಕೊಮ್ಮೆ ಬಾಗಿಲಿಗೆ ಬರುತ್ತಿದ್ದರು. ಲಿಯೋನಿ ಅವಳನ್ನು ಬಚ್ಚಿಡಲಿಲ್ಲ. ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂರಿಸಿ ಗುಂಡಿ ಹೊಲಿಯಲು ಹಚ್ಚಿದಳು. ಎಲ್ಲರ ಕಣ್ಣೆದುರಿಗೇ ಇರುವ ಮಗುವನ್ನು ಯಾರೂ ನೋಡುವುದಿಲ್ಲ ಎಂಬುದು ಅವಳ ಲೆಕ್ಕ.

"ಒಂದು ಸಲ ಒಬ್ಬ ಸೈನಿಕ ನನ್ನ ಗಲ್ಲ ಹಿಡಿದು ಹೆಸರೇನು ಅಂದ. ಒಳ್ಳೆಯವನ ಹಾಗೆ ಕಾಣುತ್ತಿದ್ದ, ನನಗೆ ಭಯವಾಗಲಿಲ್ಲ. ಬಾಯಿಗೆ ಹಳೆಯ ಹೆಸರೇ ಬಂತು. ಎಸ್… ಅಂದೆ ಅಷ್ಟೇ, ಲಿಯೋನಿ ಕೆನ್ನೆಗೆ ಬಾರಿಸಿದಳು. ಸ್ಟೂಲಿನಿಂದ ಉರುಳಿಬಿದ್ದೆ. 'ದಡ್ಡ ಮುಂಡೇದು! ತನ್ನ ಹೆಸರೂ ನೆಟ್ಟಗೆ ಹೇಳೋಕೆ ಬರಲ್ಲ, ಎಲ್ಲಾ ಅಪ್ಪನ ಬುದ್ಧಿ!' ಎಂದು ಬಯ್ಯುತ್ತಲೇ ಅವನ ಅಂಗಿ ಮಡಿಸಿಕೊಟ್ಟಳು. ಸೈನಿಕ ನಗುತ್ತ ಹೋದ. ಬಾಗಿಲು ಹಾಕಿದ ಮೇಲೆ ಅವಳು ನನ್ನನ್ನು ಮಡಿಲಲ್ಲಿ ಹಾಕಿಕೊಂಡು, ಹೊಡೆದ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿ ಹಿಡಿದಳು. ಅವಳ ಕೈ ಎಷ್ಟು ನಡುಗುತ್ತಿತ್ತು ಅಂದರೆ ಬಟ್ಟೆಯ ನೀರೆಲ್ಲ ನನ್ನ ಕುತ್ತಿಗೆಗೆ ಇಳಿಯಿತು. ನಾನು ಅವಳನ್ನು ಅಮ್ಮಾ ಎಂದು ಮೊದಲು ಕರೆದದ್ದು ಅವತ್ತು."

ಶ್ರೀಲತಾಳ ಮನಸ್ಸು ಆ ಮಡಿಲಿನಲ್ಲಿರಲಿಲ್ಲ. "ನಿಮ್ಮಮ್ಮ?" ಎಂದು ಕೇಳಿದಳು. "ಆಗ ನಿಮ್ಮಮ್ಮ ಎಲ್ಲಿದ್ದರು?"

ಫೇಗಾ ಸಿಕ್ಕಿಬಿದ್ದಿದ್ದಳು. ಆಶ್‌ವಿಟ್ಸಿನ ಕ್ಯಾಂಪಿನಲ್ಲಿ, ರೈಲುಗಳಲ್ಲಿ ಬಂದು ಸತ್ತವರ ಬಟ್ಟೆಬರೆ ವಿಂಗಡಿಸುವ ಕೆಲಸಕ್ಕೆ ಅವಳನ್ನು ಹಾಕಿದ್ದರು. ಮಕ್ಕಳ ಬೂಟಿನ ರಾಶಿಯ ಮುಂದೆ ನಿಲ್ಲುವಾಗ ಅವಳು ಕೆಂಪು ಜೊತೆಯೊಂದನ್ನು ಹುಡುಕುತ್ತಿದ್ದಳು. ಸಿಗದ ದಿನ ಬದುಕುವುದಕ್ಕೆ ಅಷ್ಟೇ ಸಾಕಾಗುತ್ತಿತ್ತು. ಹಾಗೆ ದಿನಕ್ಕೆ ದಿನ ಕೂಡಿಸಿ ಬದುಕಿದಳು. ಯುದ್ಧ ಮುಗಿದ ಬೇಸಿಗೆಯಲ್ಲಿ, ಗಂಡುಮಕ್ಕಳ ಹಾಗೆ ಗಿಡ್ಡ ಕೂದಲು, ಯಾರದೋ ಕೋಟು, ಕೈಯಲ್ಲಿ ಬ್ರೆಡ್ಡಿನ ತುಂಡು ಹಿಡಿದು, ಮಕ್ಕಳನ್ನು ಸಾಗಿಸಿದವರನ್ನು ವಿಚಾರಿಸಿಕೊಂಡು ಆ ಹಳ್ಳಿಗೆ ಬಂದಳು.

"ನಾನು ಲಿಯೋನಿಯ ಲಂಗದ ಹಿಂದೆ ಅಡಗಿದೆ," ಅಂದರು ಎಸ್ತರ್. "ಯಿದ್ದಿಷ್ ಪೂರಾ ಮರೆತಿತ್ತು. ಅವಳು ಮಂಡಿಯೂರಿ ಏನೇನೋ ಹೇಳುತ್ತಿದ್ದಾಳೆ, ನನಗೆ ಒಂದಕ್ಷರ ತಿಳಿಯದು. ಬ್ರೆಡ್ಡನ್ನು ಮುರಿದು ತನ್ನ ಕೈಯಾರೆ ನನ್ನ ಬಾಯಿಗೆ ಇಟ್ಟಳು. ನಾನು ಉಗಿದುಬಿಟ್ಟೆ. ಆಮೇಲೆ ಲಿಯೋನಿ ಮರ್ಯಾದೆ ಕಲಿಸಿದ್ದಳಲ್ಲ, 'ಕ್ಷಮಿಸಿ ಮೇಡಂ' ಅಂದೆ."

"ಮೇಡಂ," ಎಂದಳು ಶ್ರೀಲತಾ.

"ಹೂಂ. ಹೆತ್ತವಳಿಗೆ. ಅಮ್ಮ ಕ್ಯಾಂಪಿನ ಬಗ್ಗೆ ಮಾತಾಡುತ್ತಿದ್ದದ್ದು ಕಡಿಮೆ. ಒಮ್ಮೆ ಮಾತ್ರ ಹೇಳಿದಳು. ಅಲ್ಲಿ ಹಸಿವಿತ್ತು, ಹೆದರಿಕೆ ಇತ್ತು, ಹೊಟ್ಟೆಕಿಚ್ಚಿಗೆ ಜಾಗವೇ ಇರಲಿಲ್ಲ. ಅದು ನನಗೆ ಬಂದದ್ದು ನಿನ್ನನ್ನು ಕರೆತರಲು ಹೋದ ದಿನ, ಅಂತ."

ಎಸ್ತರ್ ಮುಂದುವರಿಸಿದರು. ಲಿಯೋನಿಯೇ ಲಂಗ ಹಿಡಿದಿದ್ದ ಮಗುವಿನ ಬೆರಳು ಬಿಡಿಸಿ ಮುಂದಕ್ಕೆ ತಳ್ಳಿದಳಂತೆ. ಭಾನುವಾರ ಬಂದು ನೋಡುತ್ತೇನೆ ಎಂದು ಸುಳ್ಳು ಹೇಳಿ ಕಳಿಸಿದಳಂತೆ. ನಾಲ್ಕು ವರ್ಷದ ಮೇಲೆ ಡೆಟ್ರಾಯಿಟಿನಲ್ಲಿದ್ದ ಫೇಗಾಳ ಸೋದರತ್ತೆ ಇಬ್ಬರನ್ನೂ ಅಮೆರಿಕೆಗೆ ಕರೆಸಿಕೊಂಡಳು. ಫೇಗಾ ಬೇಕರಿಯಲ್ಲಿ ದುಡಿದು ಮಗಳನ್ನು ಓದಿಸಿದಳು. ಆ ಹಳ್ಳಿಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ.

"ತಪ್ಪೇನು ಆಂಟಿ?" ಶ್ರೀಲತಾಳ ದನಿ ಅವಳಿಗೇ ತಿಳಿಯದೆ ಏರಿತ್ತು. "ಅಷ್ಟೆಲ್ಲಾ ಕಷ್ಟಪಟ್ಟು ಬದುಕಿ ಬಂದವರು. ಮಗಳು ನನಗೊಬ್ಬಳಿಗೇ ಇರಲಿ ಅನ್ನೋದು ತಪ್ಪಾ?"

"ತಪ್ಪು ಅಂತ ನಾನೆಲ್ಲಿ ಹೇಳಿದೆ?"

"ಆಮೇಲೆ ಲಿಯೋನಿ…"

ಅಷ್ಟರಲ್ಲಿ ಕಲ್ಮೇಶನೂ ಛಾಯಾಳೂ ಪಾರ್ಕಿನಿಂದ ಬಂದರು. ಛಾಯಾ ಅಮ್ಮನನ್ನು ದಾಟಿ ಹೋಗಿ ಎಸ್ತರ್ ಮಡಿಲಲ್ಲಿ ಕೂತಳು. ಮಾತು ಅಲ್ಲಿಗೆ ನಿಂತಿತು.

ಒಳ್ಳೆಯ ಹೆಂಗಸಾಗಿದ್ದರೆ ಅಂಥ ಕತೆ ಕೇಳಿದ ಮೇಲೆ ಮನಸ್ಸು ಕರಗಬೇಕಿತ್ತು ಎಂದು ಶ್ರೀಲತಾಳಿಗೂ ಅನಿಸಿತು. ಕರಗಲಿಲ್ಲ. ಅವಳಿಗೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಅಗಸಗಿತ್ತಿಯ ಮನೆಯ ಬಾಗಿಲಲ್ಲಿ ಬ್ರೆಡ್ಡು ಹಿಡಿದು ಮಂಡಿಯೂರಿದ ಫೇಗಾ. ಸಾವನ್ನೇ ದಾಟಿ ಬಂದವಳಿಗೇ ಹಾಗಾಯಿತು ಎಂದರೆ ತನ್ನದು ಯಾವ ಲೆಕ್ಕ? ಫೇಗಾ ಸರಿಯಾಗಿಯೇ ಮಾಡಿದಳು. ಕೈಹಿಡಿದು ಎಳೆದುಕೊಂಡು ಬಂದಳು. ಸಮುದ್ರವನ್ನೇ ಅಡ್ಡ ಹಾಕಿದಳು.

ಮರುವಾರ ಶ್ರೀಲತಾ ಬೋಲಿಂಗ್‌ಬ್ರೂಕಿನಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಒಂದು ಆಫ್ಟರ್‌ಸ್ಕೂಲಿಗೆ ಮಗಳ ಹೆಸರು ಬರೆಸಿದಳು. ಶಾಲೆಯಿಂದ ಅವರದೇ ವ್ಯಾನು ಕರೆದುಕೊಂಡು ಹೋಗುತ್ತದೆ.

"ಬೇರೆ ಮಕ್ಕಳ ಜೊತೆ ಬೆರೀಬೇಕಲ್ಲ ಆಂಟಿ, ಅದಕ್ಕೇ," ಎಂದು ಗೇಟಿನ ಬಳಿ ನಿಂತೇ ಹೇಳಿದಳು. "ನಿಮಗೂ ವಯಸ್ಸಾಯ್ತು. ಎಷ್ಟು ಅಂತ ತೊಂದರೆ ಕೊಡೋದು."

ಎಸ್ತರ್ ಅವಳನ್ನು ನೋಡಿದರು. "ಕಾರಣ ಹೇಳಬೇಕಾಗಿಲ್ಲ ಶ್ರೀ. ನೀನು ಅವಳ ತಾಯಿ," ಅಂದರು. ಮಾತಿನಲ್ಲಿ ಮುಳ್ಳಿರಲಿಲ್ಲ. ಶ್ರೀಲತಾ ಮನೆಗೆ ಬಂದು ಆ ಮಾತನ್ನು ತಿರುಗಿಸಿ ಮುರುಗಿಸಿ ಮುಳ್ಳು ಹುಡುಕಿದಳು.

ನವೆಂಬರಿನಲ್ಲಿ ಎಸ್ತರ್ ಅವರ ಮಗ ಕಾರು ತಂದ. ಡೆಟ್ರಾಯಿಟಿನ ಹೊರವಲಯದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಅವನ ಮನೆ. ಈ ಚಳಿಗಾಲ ಅಮ್ಮನನ್ನು ಒಬ್ಬಳೇ ಬಿಡುವುದಿಲ್ಲ, ಹಿಡಿಸಿದರೆ ಅಲ್ಲೇ ಇದ್ದುಬಿಡಲಿ ಎಂದ. ಹೊರಡುವಾಗ ಎಸ್ತರ್ ಛಾಯಾಳ ಹಣೆಗೆ ಮುತ್ತಿಟ್ಟು, "ಫೋನ್ ಮಾಡ್ತಿರು," ಅಂದರು. ಮಗುವಿಗೆ ಹೇಳಿದ್ದೋ ತಾಯಿಗೋ ಗೊತ್ತಾಗಲಿಲ್ಲ. ಶ್ರೀಲತಾ ಮಗುವಿಗೇ ಅಂದುಕೊಂಡಳು.

"ಕ್ಯಾನ್ ವಿ ಕಾಲ್ ಬಬಿ?" ಎಂದು ಛಾಯಾ ಮೊದಲ ವಾರ ದಿನವೂ ಕೇಳಿದಳು.

"ಅಲ್ಲಿ ಟೈಮು ಬೇರೆ ಪುಟ್ಟಾ. ಬಬಿ ಮಲಗಿರ್ತಾರೆ." ಡೆಟ್ರಾಯಿಟಿನ ಗಡಿಯಾರ ಒಂದೇ ಒಂದು ಗಂಟೆ ಮುಂದು. ಮಗುವಿಗೆ ಅದು ಗೊತ್ತಿರಲಿಲ್ಲ.

ಎರಡನೆಯ ವಾರ, "ನಾಳೆ ಮಾಡೋಣ." ಆಮೇಲೆ, "ಬಬಿಗೆ ಶೀತ ಆಗಿದೆಯಂತೆ, ಮಾತಾಡಬಾರದಂತೆ."

ಕಲ್ಮೇಶ ಆ ಕಡೆಗೇ ಹೊರಟಿದ್ದ. "ನಾ ಹೆಂಗೂ ಹೊಂಟೇನಿ. ಮುದುಕಿನ್ನ ಮಾತಾಡಿಸಿ ಬರ್ಲೇನು? ಕೂಸಿನ ಫೋಟೋ ತೋರಿಸ್ತೀನಿ."

"ಏನೂ ಬೇಡ. ಪಾಪ, ಅವರಿಗೂ ರೆಸ್ಟ್ ಬೇಕು."

ಕಲ್ಮೇಶ ಶೂ ಲೇಸು ಕಟ್ಟುತ್ತ ತಲೆ ಎತ್ತಿದ. "ಶ್ರೀ, ನೀ ಗೆದ್ದೀದಿ. ಇನ್ನ ಸಾಕು ಬಿಡು."

ಅವಳಿಗೆ ಕೆನ್ನೆ ಸುಟ್ಟಂತಾಯಿತು. ಗೆಲ್ಲುವುದೇನು ಬಂತು ಇದರಲ್ಲಿ ಎಂದು ಜಗಳ ತೆಗೆದಳು. ಅವನು ಕಾರು ಹತ್ತಿದ.

ಡಿಸೆಂಬರು ಬರುವಷ್ಟರಲ್ಲಿ ಛಾಯಾ ಕೇಳುವುದನ್ನು ಬಿಟ್ಟಳು. ಒಂದು ದಿನ ಕೇಳಲಿಲ್ಲ, ಮರುದಿನವೂ ಇಲ್ಲ. ಪಕ್ಕದ ಮನೆಯ ಕತ್ತಲೆ ಕಿಟಕಿಯ ಕಡೆ ನೋಡುವುದೂ ನಿಂತಿತು. ಶ್ರೀಲತಾಳ ಹೆಜ್ಜೆ ಹಗುರಾಯಿತು. ಭಾನುವಾರ ತುಪ್ಪ ಸುರಿದು ಶಾವಿಗೆ ಪಾಯಸ ಮಾಡಿದಳು, ಅನ್ನ ತೊವ್ವೆ ಕಲೆಸಿದಳು. ಮಗು ತಾನಾಗಿ ಬಂದು ಮುಂದೆ ಕೂತು ಬಾಯಿ ತೆರೆಯಿತು. ಒಂದೊಂದೇ ತುತ್ತು. ಓಡಲಿಲ್ಲ, ಕತೆ ಕೇಳಲಿಲ್ಲ, ಕೈ ದೂಡಲಿಲ್ಲ. ಬಟ್ಟಲು ಬರಿದಾದಾಗ ಶ್ರೀಲತಾ ಮಗಳ ಬಾಯಿ ಒರೆಸಿ, ಕೆನ್ನೆ ಕಚ್ಚುವಷ್ಟು ಮುದ್ದಿಸಿದಳು.

"ಆರ್ ಯು ಹ್ಯಾಪಿ, ಅಮ್ಮಾ?" ಎಂದು ಕೇಳಿದಳು ಛಾಯಾ.

"ತುಂಬಾ ಹ್ಯಾಪಿ ಕಣೋ ಬಂಗಾರ."

ಮಗು ತಲೆಯಾಡಿಸಿ ಇಳಿದು ಹೋಯಿತು. ಒಪ್ಪಿಸಿದ ಕೆಲಸ ಮುಗಿಸಿದವರ ಹಾಗೆ.

ಮಧ್ಯಾಹ್ನ ಒಗೆದ ಬಟ್ಟೆ ಎತ್ತಿಕೊಂಡು ಶ್ರೀಲತಾ ಮೇಲಿನ ಮಹಡಿಗೆ ಹೋದಳು. ಛಾಯಾಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಗು ಗೊಂಬೆಯ ಫ್ರಾಕನ್ನು ನೆಲದ ಮೇಲೆ ಹರಡಿ, ಮರದ ದಿಮ್ಮಿಯೊಂದರಿಂದ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿತ್ತು. ಗೊಂಬೆಯ ಕಿವಿಗೆ ಬಾಯಿ ಇಟ್ಟು ಪಿಸುಗುಟ್ಟಿತು. ಮಾತು ಇಂಗ್ಲಿಷಿನಲ್ಲಿ. ಬಬಿ ಅನ್ನಬೇಡ, ಶ್, ಅಮ್ಮನಿಗೆ ದುಃಖ ಆಗುತ್ತೆ. ಮನಸ್ಸಿನಲ್ಲೇ ಅನ್ನು.

ಶ್ರೀಲತಾ ಬಟ್ಟೆಯ ಬುಟ್ಟಿ ಹಿಡಿದು ಗೋಡೆಗೆ ಒರಗಿದಳು. ಒಳಗೆ ಹೋಗಿ ತಬ್ಬಿಕೊಳ್ಳಬೇಕೆನಿಸಿತು. ಹೋದರೆ ಮಗು ಮತ್ತೆ ಆ ನಗುಮುಖ ಹಾಕಿಕೊಳ್ಳುತ್ತದೆ ಎಂದು ಹೆದರಿದಳು. ಮಗಳು ಮರೆತಿರಲಿಲ್ಲ. ಬಚ್ಚಿಡುವುದನ್ನು ಕಲಿತಿದ್ದಳು. ಕಲಿಸಿದ್ದು ತಾನು.

ಬುಟ್ಟಿಯನ್ನು ಅಲ್ಲೇ ಇಟ್ಟು ಕೆಳಗೆ ಬಂದಳು. ಫೋನು ತೆಗೆದು, ಎಸ್ತರ್ ಹೆಸರಿನ ಮೇಲೆ ಬೆರಳಿಟ್ಟು, ತೆಗೆದಳು. ಈಗ ಮಾಡಿದರೆ ಮಗಳು ಮತ್ತೆ ಆ ಕಡೆಗೇ ಹೋಗುತ್ತಾಳೆ. ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಅವರು ಕೇಳಿದರೆ? ಕೇಳದಿದ್ದರೆ ಇನ್ನೂ ಕಷ್ಟ. ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಕುಡಿದಳು. ಒತ್ತಿಯೇಬಿಟ್ಟಳು.

"ಹಲೋ?" ದನಿ ಮೊದಲಿಗಿಂತ ಸಣ್ಣದಾಗಿತ್ತು.

"ಆಂಟಿ, ನಾನು ಶ್ರೀಲತಾ."

"ಶ್ರೀ! ಮಗು ಹೇಗಿದ್ದಾಳೆ? ಆರೋಗ್ಯವಾ?"

ಅದೇ ಮೊದಲ ಮಾತು. ಈಗಲೂ ಅವಳಿಗೆ ಚುರ್ ಎಂದಿತು. ನಾನು ಹೇಗಿದ್ದೇನೆಂದು ಯಾರೂ ಕೇಳುವುದಿಲ್ಲ. "ಚೆನ್ನಾಗಿದಾಳೆ," ಎಂದು, ಮುಂದಿನದನ್ನು ಒಂದೇ ಉಸಿರಿಗೆ ಕೇಳಿದಳು. "ಆಂಟಿ, ನಿಮ್ಮಮ್ಮ ಕರ್ಕೊಂಡು ಬಂದ ಮೇಲೆ ನೀವು ಲಿಯೋನಿ ಬೇಕು ಅಂತ ಕೇಳ್ತಿದ್ರಾ?"

ಆ ಕಡೆ ಕುರ್ಚಿ ಎಳೆದ ಸದ್ದು. "ಕೇಳುತ್ತಿದ್ದೆ. ಆಮೇಲೆ ಬಿಟ್ಟೆ. ಮರೆತಳು ಎಂದು ಅಮ್ಮನಿಗೆ ಖುಷಿಯಾಯಿತು. ಪಾಪ, ಖುಷಿಯಾಗಿರಲಿ ಎಂದು ನಾನೂ ಸುಮ್ಮನಾದೆ."

"ಮತ್ತೆ ನೋಡಲೇ ಇಲ್ವಾ ಅವರನ್ನ?"

"ಮದುವೆಯಾದ ಮೇಲೆ ಗಂಡನ ಜೊತೆ ಹೋಗಿದ್ದೆ. ಮನೆ ಇತ್ತು, ಅವಳಿರಲಿಲ್ಲ. ಬೇರೆಯವರು ವಾಸವಾಗಿದ್ದರು." ಎಸ್ತರ್ ಮತ್ತೆ ಅಂದರು: "ನನ್ನಮ್ಮನ ಮೇಲೆ ನನಗೆ ಕೋಪವಿಲ್ಲ ಶ್ರೀ. ಆದರೆ ಅವಳು ಸಾಯುವವರೆಗೂ ನಾನು ಅವಳ ಎದುರು ಜೋಪಾನವಾಗಿ ಮಾತಾಡಿದೆ. ಮಗಳಂತೆ ಅಲ್ಲ, ಅತಿಥಿಯಂತೆ."

ಶ್ರೀಲತಾ ಕಣ್ಣೊರೆಸಿಕೊಂಡಳು. ಕ್ಷಮಿಸಿ ಅನ್ನಬೇಕೆಂದು ಬಾಯಿ ತೆರೆದಳು, ಬಂದದ್ದು ಬೇರೆ. "ಒಂದು ನಿಮಿಷ ಇರಿ ಆಂಟಿ, ಇಡಬೇಡಿ," ಎಂ‌ದು ಮೆಟ್ಟಿಲ ಬಳಿ ಹೋಗಿ ಗಟ್ಟಿಯಾಗಿ ಕೂಗಿದಳು. "ಛಾಯಾ! ಬಬಿ ಫೋನಲ್ಲಿದಾರೆ!"

ಮೇಲೆ ಏನೋ ಧಡ್ಡನೆ ಬಿತ್ತು. ಛಾಯಾ ಮೆಟ್ಟಿಲ ತುದಿಯಲ್ಲಿ ಕಾಣಿಸಿಕೊಂಡು, ಇಳಿಯದೆ ನಿಂತು, ಅಮ್ಮನ ಮುಖ ಓದಿದಳು. ನಿಜವೋ ಪರೀಕ್ಷೆಯೋ ಎಂಬಂತೆ.

"ನಿಜವಾಗ್ಲೂ. ಬಾ, ಓಡಿ ಬಾ. ನಂಗೇನೂ ಬೇಜಾರಿಲ್ಲ."

ಅದು ಪೂರ್ತಿ ನಿಜವಾಗಿರಲಿಲ್ಲ. ಮಗು ಓಡಿಬಂದ ರೀತಿ ನೋಡಿದಾಗ, ತನ್ನ ಕಡೆಗೆ ಎಂದೂ ಹಾಗೆ ಓಡಿಬಂದಿರದ ರೀತಿ ನೋಡಿದಾಗ, ಹೊಟ್ಟೆಯೊಳಗಿನ ಕೆಂಡ ಮತ್ತೆ ಮಿಣ್ಣಗೆ ಹೊಳೆಯಿತು. ಇಬ್ಬರೂ ಏನು ಮಾತಾಡುತ್ತಾರೋ ಕೇಳೋಣ, ಸ್ಪೀಕರಿಗೆ ಹಾಕೋಣ ಎಂದು ಬೆರಳು ಆ ಗುಂಡಿಯ ಹತ್ತಿರ ಹೋಯಿತು.

ಹಾಕಲಿಲ್ಲ. ಫೋನನ್ನು ಹಾಗೆಯೇ ಮಗಳ ಎರಡೂ ಕೈಗೆ ಕೊಟ್ಟು, ಬಾಗಿಲು ಎಳೆದುಕೊಂಡು ಪಕ್ಕದ ಕೋಣೆಗೆ ಹೋದಳು.